ತೂತಿಲ್ಲದ ತಂಡಕ್ಕೇ ಕಪ್

2021ರ ಡಿಸೆಂಬರ್ 2. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಒಕ್ಲಹೋಮಾ ಸಿಟಿ ಥಂಡರ್ ತಂಡ ಮೆಂಫಿಸ್ ಗ್ರಿಜ್ಲೀಸ್ ಎದುರು 79–152ರಿಂದ ಸೋತಿತು. ಅಂತರ 73 ಅಂಕ! ಲೀಗ್‌ನ ಇತಿಹಾಸದಲ್ಲಿ ಅಲ್ಲಿಯವರೆಗೆ ಯಾವ ತಂಡವೂ ಅಷ್ಟು ಹೀನಾಯವಾಗಿ ಸೋತಿರಲಿಲ್ಲ. 2025ರ ಜೂನ್ 22. ಅದೇ ಥಂಡರ್, ಫೈನಲ್ಸ್‌ನ ಏಳನೇ ಪಂದ್ಯದಲ್ಲಿ ಇಂಡಿಯಾನಾ ಪೇಸರ್ಸ್ ತಂಡವನ್ನು 103–91ರಿಂದ ಸೋಲಿಸಿ ಚಾಂಪಿಯನ್ ಆಯಿತು. ನಡುವೆ ಕಳೆದದ್ದು ಬರೀ ಮೂರೂವರೆ ವರ್ಷ. ಒಂದು ಬಿಇ ಡಿಗ್ರಿ ಮುಗಿಸಲು ಬೇಕಾಗುವುದಕ್ಕಿಂತಲೂ ಕಡಿಮೆ ಅವಧಿ.

ಇದು ಹೇಗಾಯಿತು ಎಂದು ಕೇಳಿದರೆ ಬ್ಯಾಸ್ಕೆಟ್‌ಬಾಲ್ ನೋಡುವ ಗೆಳೆಯರಿಂದ ಎರಡು ಸಿದ್ಧ ಉತ್ತರ ಬರುತ್ತವೆ. ‘ಬೇಕೆಂದೇ ಸೋತರು, ಅದಕ್ಕೆ ಒಳ್ಳೆಯ ಹುಡುಗರು ಸಿಕ್ಕಿದರು’ ಎನ್ನುವುದು ಒಂದು. ‘ಒಬ್ಬ ಸೂಪರ್‌ಸ್ಟಾರ್ ಸಿಕ್ಕ, ಗೆದ್ದರು’ ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಕಳೆದ ಹತ್ತು–ಹನ್ನೆರಡು ವರ್ಷಗಳ ಪ್ಲೇಆಫ್ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಬೇರೆಯೇ ಸಂಗತಿ. ಸೋಲುವುದರಿಂದ ತಂಡ ಕಟ್ಟಲು ಆಗುವುದಿಲ್ಲ, ತಾರೆಯರನ್ನು ಖರೀದಿಸುವುದರಿಂದಲೂ ಆಗುವುದಿಲ್ಲ. ತಂಡದ ತೂತುಗಳನ್ನು ಒಂದೊಂದಾಗಿ ಹುಡುಕಿ ಮುಚ್ಚುವವರೇ ಕೊನೆಗೆ ಕಪ್ ಎತ್ತುತ್ತಾರೆ.

ಇಂಟರ್ನಲ್ಸ್ ಬೇರೆ, ವೈವಾ ಬೇರೆ

ಎನ್‌ಬಿಎಯಲ್ಲಿ 30 ತಂಡಗಳಿವೆ. ಪ್ರತಿ ತಂಡವೂ ಸೀಸನ್‌ನಲ್ಲಿ 82 ಪಂದ್ಯ ಆಡುತ್ತದೆ. ಬಳಿಕ ಪೂರ್ವ ಮತ್ತು ಪಶ್ಚಿಮ ವಿಭಾಗಗಳಿಂದ ತಲಾ ಎಂಟು ತಂಡಗಳು ಪ್ಲೇಆಫ್‌ಗೆ ಬರುತ್ತವೆ. ಅಲ್ಲಿ ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ಒಂದೇ ಎದುರಾಳಿಯ ಜೊತೆ ಏಳು ಪಂದ್ಯಗಳ ಸರಣಿ. ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಅಂದರೆ ಚಾಂಪಿಯನ್ ಆಗಲು 16 ಗೆಲುವು ಬೇಕು.

ಇಲ್ಲೇ ಇರುವುದು ಗುಟ್ಟು. 82 ಪಂದ್ಯಗಳ ಸೀಸನ್ ನಮ್ಮ ಇಂಟರ್ನಲ್ಸ್ ಇದ್ದ ಹಾಗೆ. ಇವತ್ತು ಒಂದು ತಂಡ, ನಾಳಿದ್ದು ಇನ್ನೊಂದು. ಎದುರಾಳಿಗೆ ನಿಮ್ಮನ್ನು ಕೂಲಂಕಷವಾಗಿ ಓದಲು ಪುರುಸೊತ್ತಿರುವುದಿಲ್ಲ. ಪ್ಲೇಆಫ್ ಎಂದರೆ ವೈವಾ. ಲಿಖಿತ ಪರೀಕ್ಷೆಯಲ್ಲಿ ಚಾಯ್ಸ್ ಇರುತ್ತದೆ, ಗೊತ್ತಿರುವ ಪ್ರಶ್ನೆ ಬರೆದು ಪಾರಾಗಬಹುದು. ವೈವಾದಲ್ಲಿ ಪರೀಕ್ಷಕರು ನಿಮಗೆ ಬಾರದ ಚಾಪ್ಟರ್ ಯಾವುದು ಎಂದು ಎರಡೇ ಪ್ರಶ್ನೆಯಲ್ಲಿ ಪತ್ತೆ ಹಚ್ಚಿ, ಉಳಿದದ್ದನ್ನೆಲ್ಲ ಅದರ ಮೇಲೆಯೇ ಕೇಳುತ್ತಾರೆ!

ಪ್ಲೇಆಫ್‌ನಲ್ಲಿ ನಡೆಯುವುದೂ ಅದೇ. ನಿಮ್ಮ ಐವರಲ್ಲಿ ಒಬ್ಬನಿಗೆ ಡಿಫೆನ್ಸ್ ಬರುವುದಿಲ್ಲ ಎಂದುಕೊಳ್ಳಿ. ಅವನು ಯಾರನ್ನು ಕಾಯುತ್ತಿದ್ದಾನೋ ಆ ಆಟಗಾರನನ್ನೇ ಎದುರಾಳಿ ತಂಡ ಸ್ಕ್ರೀನ್ ಹಾಕಲು ಕರೆಯುತ್ತದೆ. ಅಂದರೆ, ಚೆಂಡು ಹಿಡಿದವನನ್ನು ಕಾಯುತ್ತಿರುವವನ ದಾರಿಗೆ ಅವನು ಅಡ್ಡ ನಿಲ್ಲುತ್ತಾನೆ. ಆಗ ಕಾಯುವವರು ಅದಲು ಬದಲಾಗಬೇಕಾಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಿಮ್ಮ ದುರ್ಬಲ ಆಟಗಾರ ಅವರ ಅತ್ಯುತ್ತಮ ಆಟಗಾರನ ಎದುರು ಒಂಟಿಯಾಗಿ ನಿಂತಿರುತ್ತಾನೆ. ಇದನ್ನು ಒಂದು ಸಲವಲ್ಲ, ಪಂದ್ಯದ ಉದ್ದಕ್ಕೂ ಮಾಡುತ್ತಾರೆ. ಇನ್ನೊಬ್ಬನಿಗೆ ದೂರದಿಂದ ಬಾಸ್ಕೆಟ್ ಹಾಕಲು ಬರುವುದಿಲ್ಲವೇ? ಅವನನ್ನು ಕಾಯುವ ಗೋಜಿಗೇ ಹೋಗದೆ, ಆ ಕೆಲಸದಲ್ಲಿದ್ದವನೂ ಬಂದು ನಿಮ್ಮ ತಾರೆಯ ಮೇಲೆ ಬೀಳುತ್ತಾನೆ. ಒಬ್ಬನ ಕೊರತೆ ಇಡೀ ತಂಡದ ಕೊರತೆಯಾಗುವುದು ಹೀಗೆ.

ಖರೀದಿಸಿದವರ ಕಥೆ

ಫೀನಿಕ್ಸ್ ಸನ್ಸ್ ತಂಡವನ್ನೇ ನೋಡಿ. 2021ರಲ್ಲಿ ಅದು ಫೈನಲ್ಸ್ ತಲುಪಿ ಮಿಲ್ವಾಕೀ ಎದುರು 4–2ರಿಂದ ಸೋತಿತ್ತು. ಅದು ಹೊಂದಾಣಿಕೆಯಿದ್ದ ತಂಡ. 2023ರ ಫೆಬ್ರುವರಿಯಲ್ಲಿ ಹೊಸ ಮಾಲೀಕರು ಬರುತ್ತಿದ್ದಂತೆ ಕೆವಿನ್ ಡ್ಯುರಾಂಟ್‌ಗಾಗಿ ಮಿಕಾಲ್ ಬ್ರಿಜಸ್, ಕ್ಯಾಮ್ ಜಾನ್ಸನ್ ಎಂಬ ಇಬ್ಬರು ಉಪಯುಕ್ತ ಆಟಗಾರರನ್ನೂ, ಮುಂದಿನ ವರ್ಷಗಳ ನಾಲ್ಕು ಮೊದಲ ಸುತ್ತಿನ ಡ್ರಾಫ್ಟ್ ಅವಕಾಶಗಳನ್ನೂ ಕೊಟ್ಟುಬಿಟ್ಟರು. ಅದೇ ಬೇಸಿಗೆಯಲ್ಲಿ ಬ್ರಾಡ್ಲಿ ಬೀಲ್ ಬಂದರು. ಡೆವಿನ್ ಬುಕರ್ ಮೊದಲೇ ಇದ್ದರು. ಪೋಸ್ಟರ್‌ನಲ್ಲಿ ಮೂವರು ತಾರೆಯರು, ಎದುರಾಳಿಗಳಿಗೆ ನಡುಕ ಹುಟ್ಟಿಸುವಂತಿತ್ತು.

ಫಲಿತಾಂಶ? 2024ರ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಮಿನ್ನೆಸೋಟಾ ಎದುರು 0–4. ಮರುವರ್ಷ 36 ಗೆಲುವು, 46 ಸೋಲು. ಪ್ಲೇಆಫ್‌ನ ಬಾಗಿಲೂ ತಟ್ಟಲಿಲ್ಲ. ಆ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು ಸಂಬಳ ಕೊಡುತ್ತಿದ್ದ ತಂಡ ಅದು. ಮೂರು ಬೇಸಿಗೆಗಳಲ್ಲಿ ಮೂವರು ಕೋಚ್‌ಗಳನ್ನು ಮನೆಗೆ ಕಳುಹಿಸಿದ್ದೂ ಆಯಿತು. ಮೂವರೂ ಅಂಕ ಗಳಿಸುವವರೇ. ಆದರೆ ಎದುರಾಳಿಯನ್ನು ತಡೆಯುವವರು ಯಾರು? ಮೂವರು ಬೆಂಚಿಗೆ ಹೋದಾಗ ಆಡುವವರು ಯಾರು? ಅದಕ್ಕೆ ಹಣವೂ ಉಳಿದಿರಲಿಲ್ಲ, ಡ್ರಾಫ್ಟ್ ಅವಕಾಶವೂ ಉಳಿದಿರಲಿಲ್ಲ. ಎನ್‌ಬಿಎಯಲ್ಲಿ ಸಂಬಳಕ್ಕೆ ಮಿತಿ ಇದೆ. 2023ರಿಂದ ಜಾರಿಗೆ ಬಂದ ಹೊಸ ಒಪ್ಪಂದದ ಪ್ರಕಾರ ಮಿತಿ ವಿಪರೀತ ಮೀರಿದರೆ ದಂಡ ಕಟ್ಟಿ ಪಾರಾಗುವಂತಿಲ್ಲ. ಆಟಗಾರರನ್ನು ಬದಲಾಯಿಸಿಕೊಳ್ಳುವ ಕೈಯನ್ನೇ ಕಟ್ಟಿಹಾಕುತ್ತಾರೆ. ಹಾಗಾಗಿ ಒಮ್ಮೆ ತಪ್ಪಿದರೆ ತಿದ್ದಿಕೊಳ್ಳುವುದೂ ಕಷ್ಟ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ನಮ್ಮ ಗಾದೆ ಅರಿಜೋನಾಕ್ಕೂ ಅನ್ವಯಿಸುತ್ತದೆ.

ಇದಕ್ಕೂ ಹತ್ತು ವರ್ಷ ಮೊದಲೇ ಬ್ರೂಕ್ಲಿನ್ ನೆಟ್ಸ್ ಇದೇ ಪಾಠ ಕಲಿಸಿತ್ತು. 2013ರಲ್ಲಿ ಬಾಸ್ಟನ್ ಸೆಲ್ಟಿಕ್ಸ್‌ನಿಂದ ವಯಸ್ಸಾದ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಅವರನ್ನು ತಂದು, ಹಲವು ವರ್ಷಗಳ ಡ್ರಾಫ್ಟ್ ಅವಕಾಶಗಳನ್ನು ಬಿಟ್ಟುಕೊಟ್ಟಿತು. ಆ ಅವಕಾಶಗಳಿಂದಲೇ ಬಾಸ್ಟನ್‌ಗೆ ಜೇಲನ್ ಬ್ರೌನ್, ಜೇಸನ್ ಟೇಟಂ ಸಿಕ್ಕಿದರು. 2024ರಲ್ಲಿ ಬಾಸ್ಟನ್ 18ನೇ ಸಲ ಚಾಂಪಿಯನ್ ಆದಾಗ ಫೈನಲ್ಸ್‌ನ ಶ್ರೇಷ್ಠ ಆಟಗಾರ ಅದೇ ಬ್ರೌನ್.

ಬೇಕೆಂದೇ ಸೋತವರ ಕಥೆ

ಹಾಗಾದರೆ ತಾಳ್ಮೆಯೊಂದೇ ಸಾಕೇ? ‘ತಾಳಿದವನು ಬಾಳಿಯಾನು’ ನಿಜ. ಆದರೆ ಬರೀ ತಾಳಿದ ಫಿಲಡೆಲ್ಫಿಯಾ ಏನಾಯಿತು ಎಂಬುದನ್ನೂ ನೋಡೋಣ.

ಎನ್‌ಬಿಎ ಡ್ರಾಫ್ಟ್ ಎಂದರೆ ನಮ್ಮ ಕ್ಯಾಂಪಸ್ ಸೆಲೆಕ್ಷನ್ ಇದ್ದ ಹಾಗೆ. ವ್ಯತ್ಯಾಸವೆಂದರೆ ಅಲ್ಲಿ ಕಂಪನಿಗಳೇ ಸರದಿಯಲ್ಲಿ ನಿಲ್ಲಬೇಕು. ಹಿಂದಿನ ಸೀಸನ್‌ನಲ್ಲಿ ಕಳಪೆಯಾಗಿ ಆಡಿದ ತಂಡಕ್ಕೆ ಮೊದಲು ಆರಿಸುವ ಸಾಧ್ಯತೆ ಹೆಚ್ಚು. ದುರ್ಬಲರಿಗೆ ಆಸರೆಯಾಗಲಿ ಎಂದು ಮಾಡಿದ ಈ ನಿಯಮವೇ ಬೇಕೆಂದು ಸೋಲುವವರಿಗೆ ದಾರಿಯಾಯಿತು. ಫಿಲಡೆಲ್ಫಿಯಾ 76ಅರ್ಸ್ 2013ರಿಂದ ಮೂರು ಸೀಸನ್ ಕ್ರಮವಾಗಿ 19, 18 ಮತ್ತು 10 ಪಂದ್ಯಗಳನ್ನಷ್ಟೇ ಗೆದ್ದಿತು. 82ರಲ್ಲಿ ಹತ್ತು! ಅಭಿಮಾನಿಗಳು ಅದಕ್ಕೆ ‘ದಿ ಪ್ರಾಸೆಸ್’ ಎಂದು ಹೆಸರಿಟ್ಟು ಸಮಾಧಾನ ಮಾಡಿಕೊಂಡರು.

ಒಳ್ಳೆಯ ಆಟಗಾರರು ಸಿಗಲಿಲ್ಲ ಎಂದಲ್ಲ. ಜೋಯೆಲ್ ಎಂಬೀಡ್ ಸಿಕ್ಕಿದರು, 2023ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರನೂ ಆದರು. ಆದರೆ 2016ರಲ್ಲಿ ಮೊದಲಿಗರಾಗಿ ಆರಿಸಿದ ಬೆನ್ ಸಿಮನ್ಸ್ ದೂರದಿಂದ ಬಾಸ್ಕೆಟ್ ಹಾಕುವುದನ್ನು ಕಲಿಯಲೇ ಇಲ್ಲ. ಮರುವರ್ಷ ಮೊದಲ ಸ್ಥಾನಕ್ಕಾಗಿ ಬಾಸ್ಟನ್ ಜೊತೆ ಜಾಗ ಬದಲಿಸಿಕೊಂಡು ಮಾರ್ಕೆಲ್ ಫುಲ್ಟ್ಸ್ ಅವರನ್ನು ತಂದರು. ಹಿಂದೆ ಸರಿದ ಬಾಸ್ಟನ್ ಮೂರನೆಯವರಾಗಿ ಆರಿಸಿದ್ದು ಟೇಟಂ ಅವರನ್ನು. ಇಷ್ಟೆಲ್ಲ ಸೋತು ಕೂಡಿಟ್ಟ ತಂಡ 2025ರವರೆಗೆ ಒಮ್ಮೆಯೂ ಪ್ಲೇಆಫ್‌ನ ಎರಡನೇ ಸುತ್ತು ದಾಟಲಿಲ್ಲ. ಬೇಕೆಂದು ಸೋಲುವುದಕ್ಕೆ ಕಡಿವಾಣ ಹಾಕಲು 2019ರಿಂದ ಲೀಗ್ ನಿಯಮವನ್ನೇ ಬದಲಿಸಿತು. ಆ ಬದಲಾವಣೆಯಿಂದ ಕೊನೆಯ ಮೂರೂ ತಂಡಗಳಿಗೆ ಮೊದಲ ಸ್ಥಾನ ಸಿಗುವ ಸಾಧ್ಯತೆ ಸಮಾನವಾಯಿತು, ತಲಾ ಶೇ 14.

ಟಿಕೆಟ್ ಕೊಂಡು ಬರುವ ಪ್ರೇಕ್ಷಕನಿಗೆ ಮೂರು ವರ್ಷ ಸೋಲನ್ನೇ ಮಾರುವುದು ನೈತಿಕವಾಗಿಯೂ ಸರಿಯಲ್ಲ. ಇಪ್ಪತ್ತು ವರ್ಷದ ಹುಡುಗರಿಗೆ ‘ಈ ವರ್ಷ ಸೋತರೂ ಪರವಾಗಿಲ್ಲ’ ಎಂಬ ವಾತಾವರಣದಲ್ಲಿ ವೃತ್ತಿ ಆರಂಭಿಸಲು ಹೇಳುವುದಂತೂ ಇನ್ನೂ ತಪ್ಪು. ಗೆಲ್ಲುವುದು ಹೇಗೆ ಒಂದು ಅಭ್ಯಾಸವೋ ಸೋಲುವುದೂ ಹಾಗೆಯೇ ಒಂದು ಅಭ್ಯಾಸ.

ಕಟ್ಟಿದವರ ಕಥೆ

ಈಗ ಥಂಡರ್‌ಗೆ ಬರೋಣ. ಈ ತಂಡವೂ ಸೋತಿದೆ. 2020–21ರಲ್ಲಿ 72 ಪಂದ್ಯಗಳಲ್ಲಿ 22 ಗೆಲುವು, ಮರುವರ್ಷ 82ರಲ್ಲಿ 24. ಆದರೆ ಚಾಂಪಿಯನ್ ತಂಡದ ಮೂವರು ಪ್ರಮುಖರು ಎಲ್ಲಿಂದ ಬಂದರು ಎಂದು ಲೆಕ್ಕ ಹಾಕಿ. 2019ರಲ್ಲಿ ತಾರೆ ಪಾಲ್ ಜಾರ್ಜ್ ಅವರನ್ನು ಲಾಸ್ ಏಂಜಲೀಸ್ ಕ್ಲಿಪರ್ಸ್‌ಗೆ ಬಿಟ್ಟುಕೊಟ್ಟಾಗ ವ್ಯವಸ್ಥಾಪಕ ಸ್ಯಾಮ್ ಪ್ರೆಸ್ಟಿ ಬದಲಿಗೆ ಐದು ಮೊದಲ ಸುತ್ತಿನ ಅವಕಾಶಗಳ ಜೊತೆಗೆ ಒಬ್ಬ ಹುಡುಗನನ್ನು ಕೇಳಿ ಪಡೆದರು. ಅವರೇ ಶೇ ಗಿಲ್ಜಸ್-ಅಲೆಕ್ಸಾಂಡರ್. ಹಿಂದಿನ ವರ್ಷದ ಡ್ರಾಫ್ಟ್‌ನಲ್ಲಿ 11ನೆಯವರಾಗಿ ಆಯ್ಕೆಯಾದವರು. ಆ ಐದು ಅವಕಾಶಗಳಲ್ಲಿ ಒಂದರಿಂದ 2022ರಲ್ಲಿ ಬಂದವರು ಜೇಲನ್ ವಿಲಿಯಮ್ಸ್, 12ನೆಯವರು. ಸೋತಿದ್ದಕ್ಕೆ ಬಹುಮಾನವಾಗಿ ಸಿಕ್ಕವರು ಮೂವರಲ್ಲಿ ಚೆಟ್ ಹೋಮ್‌ಗ್ರೆನ್ ಒಬ್ಬರೇ. ಅವರೂ ಪಾದದ ಗಾಯದಿಂದ ಮೊದಲ ಸೀಸನ್ ಪೂರ್ತಿ ಹೊರಗಿದ್ದರು.

ಇನ್ನು ಉಳಿದವರು. ಲು ಡಾರ್ಟ್ ಅವರನ್ನು 2019ರ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಲಿಲ್ಲ. ಆರನ್ ವಿಗಿನ್ಸ್ 55ನೆಯವರು. ಐಸೇಯಾ ಜೋ ಅವರನ್ನು ಫಿಲಡೆಲ್ಫಿಯಾ 2022ರಲ್ಲಿ ಕೈಬಿಟ್ಟಿತ್ತು, ಥಂಡರ್ ಕರೆದುಕೊಂಡಿತು. ಕೋಚ್ ಮಾರ್ಕ್ ಡ್ಯಾಗ್ನಾಲ್ಟ್ ಅದೇ ಸಂಸ್ಥೆಯ ಕೆಳಗಿನ ಲೀಗ್‌ನ ತಂಡಕ್ಕೆ ತರಬೇತಿ ಕೊಡುತ್ತಿದ್ದವರು. 73 ಅಂಕಗಳಿಂದ ಸೋತ ರಾತ್ರಿಯೂ ಅವರೇ ಕೋಚ್, ಕಪ್ ಗೆದ್ದ ರಾತ್ರಿಯೂ ಅವರೇ.

ನನ್ನ ದೃಷ್ಟಿಯಲ್ಲಿ ಈ ಇಡೀ ಕಥೆಯ ತಿರುವು ಇರುವುದು 2024ರ ಜೂನ್‌ನಲ್ಲಿ. ಆ ಸೀಸನ್ ಥಂಡರ್ 57 ಪಂದ್ಯ ಗೆದ್ದು ಪಶ್ಚಿಮದಲ್ಲಿ ಮೊದಲ ಸ್ಥಾನದಲ್ಲಿತ್ತು. ಪ್ಲೇಆಫ್‌ನ ಎರಡನೇ ಸುತ್ತಿನಲ್ಲಿ ಡಲ್ಲಾಸ್ ಆ ತಂಡದ ತೂತನ್ನು ಹುಡುಕಿಬಿಟ್ಟಿತು. ಜಾಶ್ ಗಿಡ್ಡಿ ಎಂಬ ಪ್ರತಿಭಾವಂತ ಯುವಕ ದೂರದಿಂದ ಗುರಿಯಿಡುವುದರಲ್ಲಿ ಹಿಂದೆ. ಅವರನ್ನು ಕಾಯದೆ ಬಿಟ್ಟು ಉಳಿದವರನ್ನು ಸುತ್ತುವರಿದರು. ಥಂಡರ್ 2–4ರಿಂದ ಸೋತಿತು. ಇನ್ನೊಂದು ತಂಡವಾಗಿದ್ದರೆ ‘ಹುಡುಗ ಇನ್ನೂ ಚಿಕ್ಕವನು, ಆರನೆಯವನಾಗಿ ಆರಿಸಿದ್ದೇವೆ, ಕಾಯೋಣ’ ಎನ್ನುತ್ತಿತ್ತು. ಅಥವಾ ಗಾಬರಿಯಾಗಿ ದೊಡ್ಡ ತಾರೆಯೊಬ್ಬನನ್ನು ಹುಡುಕಿಕೊಂಡು ಹೋಗುತ್ತಿತ್ತು. ಥಂಡರ್ ಎರಡನ್ನೂ ಮಾಡಲಿಲ್ಲ. ಗಿಡ್ಡಿಯನ್ನು ಶಿಕಾಗೋಗೆ ಕೊಟ್ಟು, 30 ವರ್ಷದ ಅಲೆಕ್ಸ್ ಕರೂಸೊ ಅವರನ್ನು ತಂದಿತು. ಬುಟ್ಟಿಯ ಬುಡದಲ್ಲಿ ದೇಹಬಲ ಸಾಲದೆಂದು ಐಸೇಯಾ ಹಾರ್ಟೆನ್‌ಸ್ಟೈನ್ ಅವರನ್ನು ಸೇರಿಸಿಕೊಂಡಿತು. ಎರಡು ತೂತು, ಎರಡು ತೇಪೆ. ಮರುವರ್ಷ 68 ಗೆಲುವು, 14 ಸೋಲು.

ಆ ತೇಪೆಯ ಬೆಲೆ ಗೊತ್ತಾದದ್ದು 2025ರ ಮೇ 18ರಂದು. ಎದುರಾಳಿ ಡೆನ್ವರ್, ಎರಡನೇ ಸುತ್ತಿನ ಏಳನೇ ಪಂದ್ಯ. ಡೆನ್ವರ್‌ನ ನಿಕೋಲಾ ಯೋಕಿಚ್ ಆರು ಅಡಿ ಹನ್ನೊಂದು ಇಂಚು ಎತ್ತರದ ದೈತ್ಯ, ಮೂರು ಸಲ ಲೀಗ್‌ನ ಅತ್ಯಮೂಲ್ಯ ಆಟಗಾರ. ಅವರನ್ನು ಕಾಯಲು ಕೋಚ್ ಕಳಿಸಿದ್ದು ಆರು ಅಡಿ ಐದು ಇಂಚಿನ ಕರೂಸೊ ಅವರನ್ನು! ಅವರು ಮುಂದೆ ನಿಂತು, ಕೈ ಅಡ್ಡ ಹಾಕಿ, ತಳ್ಳಿ, ಯೋಕಿಚ್‌ಗೆ ಚೆಂಡು ಸಿಗುವುದನ್ನೇ ಕಷ್ಟ ಮಾಡಿದರು. ಥಂಡರ್ 125–93ರಿಂದ ಗೆದ್ದಿತು. ಇದೇ ಕರೂಸೊ 2016ರ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿದ್ದವರು. ಆಗ ಅವರು ಕೆಳಗಿನ ಲೀಗ್‌ನಲ್ಲಿ ಆಡಿದ್ದು ಇದೇ ಒಕ್ಲಹೋಮಾದಲ್ಲಿ, ಇದೇ ಡ್ಯಾಗ್ನಾಲ್ಟ್ ಕೈಕೆಳಗೆ.

ಆದರೆ ತಾರೆ ಬೇಡವೇ?

ಬೇಕು. ಖಂಡಿತ ಬೇಕು. ಶೇ ಆ ವರ್ಷ ಲೀಗ್‌ನ ಅತ್ಯಮೂಲ್ಯ ಆಟಗಾರ, ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದವರು, ಫೈನಲ್ಸ್‌ನ ಶ್ರೇಷ್ಠರೂ ಅವರೇ. ಫೈನಲ್ಸ್‌ನಲ್ಲಿ 1–2ರಿಂದ ಹಿಂದಿದ್ದಾಗ ನಾಲ್ಕನೇ ಪಂದ್ಯದ ಕೊನೆಯ ನಿಮಿಷಗಳಲ್ಲಿ ತಂಡವನ್ನು ದಡ ಸೇರಿಸಿದ್ದು ಅವರು. ಐದನೆಯದರಲ್ಲಿ 40 ಅಂಕ ಹೊಡೆದದ್ದು ಜೇಲನ್ ವಿಲಿಯಮ್ಸ್.

‘ಟೊರಾಂಟೊ ಒಂದೇ ವರ್ಷಕ್ಕೆ ಕವಾಯ್ ಲೆನರ್ಡ್ ಅವರನ್ನು ತಂದು 2019ರಲ್ಲಿ ಗೆಲ್ಲಲಿಲ್ಲವೇ?’ ಎಂದು ಕೇಳುವವರೂ ಇದ್ದಾರೆ. ನ್ಯಾಯವಾದ ಪ್ರಶ್ನೆ. ಗೆದ್ದಿತು, ಮರುತಿಂಗಳೇ ಲೆನರ್ಡ್ ಹೊರಟೂ ಹೋದರು. ಆದರೆ ಅವರು ಬಂದಾಗ ಅಲ್ಲಿ ಯಾರಿದ್ದರು ನೋಡಿ. ಹಲವು ವರ್ಷಗಳಿಂದ ತಂಡದಲ್ಲಿದ್ದ ಕೈಲ್ ಲೌರಿ, 27ನೆಯವರಾಗಿ ಆರಿಸಿ ಬೆಳೆಸಿದ ಪಾಸ್ಕಲ್ ಸಿಯಾಕಮ್, ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಫ್ರೆಡ್ ವ್ಯಾನ್‌ವ್ಲೀಟ್. ಗೋಡೆ ಎದ್ದಿತ್ತು, ಕೊನೆಯ ಇಟ್ಟಿಗೆ ಬಂತು. ಫೀನಿಕ್ಸ್ ಗೋಡೆಯ ಇಟ್ಟಿಗೆಗಳನ್ನೇ ಕಿತ್ತು ಮಾರಿ ಗೋಪುರದ ಕಳಶ ತಂದಿತು. ವ್ಯತ್ಯಾಸ ಅಷ್ಟೇ.

ಅದೃಷ್ಟದ ಪಾಲನ್ನೂ ಮರೆಯಬಾರದು. 2025ರ ಏಳನೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಇಂಡಿಯಾನಾದ ತಾರೆ ಟೈರೀಸ್ ಹ್ಯಾಲಿಬರ್ಟನ್ ಹಿಮ್ಮಡಿಯ ಸ್ನಾಯುರಜ್ಜು ಹರಿದು ಕುಸಿದರು. ಅಷ್ಟರಲ್ಲೇ ಮೂರು ತ್ರೀ-ಪಾಯಿಂಟರ್ ಹೊಡೆದಿದ್ದರು. ಅವರು ಆಡಿದ್ದರೆ ಏನಾಗುತ್ತಿತ್ತೋ ಯಾರು ಬಲ್ಲರು? ತಂಡ ಕಟ್ಟುವವರ ಕೈಯಲ್ಲಿ ಗೆಲುವು ಇರುವುದಿಲ್ಲ. ಗೆಲ್ಲುವ ಅವಕಾಶ ಬಂದಾಗ ಸಿದ್ಧವಾಗಿರುವುದು ಮಾತ್ರ ಇರುತ್ತದೆ.

ನಮಗೇನು?

ಕನ್ನಡಿಗರಿಗೆ ಇದನ್ನು ಅರ್ಥ ಮಾಡಿಸಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ‘ಈ ಸಲ ಕಪ್ ನಮ್ದೇ’ ಎಂದು ನಾವು ಎಷ್ಟು ವರ್ಷ ಹೇಳಿದೆವು? 2016ರಲ್ಲಿ ಗೇಲ್, ಡಿವಿಲಿಯರ್ಸ್ ಇದ್ದರು, ಕೊಹ್ಲಿ ಒಂದೇ ಸೀಸನ್‌ನಲ್ಲಿ 973 ರನ್ ಹೊಡೆದಿದ್ದರು. ಆದರೂ ಫೈನಲ್‌ನಲ್ಲಿ ಎಂಟು ರನ್‌ಗಳಿಂದ ಸೋತೆವು. 2025ರ ಜೂನ್ 3ರಂದು ಆರು ರನ್‌ಗಳಿಂದ ಗೆದ್ದಾಗ ಫೈನಲ್‌ನ ಪಂದ್ಯಶ್ರೇಷ್ಠ ಯಾರು? ನಾಲ್ಕು ಓವರ್‌ಗಳಲ್ಲಿ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತ ಕೃಣಾಲ್ ಪಾಂಡ್ಯ. ಪೋಸ್ಟರ್‌ನ ಮೂಲೆಯಲ್ಲಿದ್ದವರು.

ಈ ಪುಟ ಓದುವ ಬಹುತೇಕರು ಈಗ ಒಂದಲ್ಲ ಒಂದು ಡ್ರಾಫ್ಟ್‌ಗೆ ಕಾಯುತ್ತಿದ್ದೇವೆ. ಕ್ಯಾಂಪಸ್ ಪ್ಲೇಸ್‌ಮೆಂಟ್, ಕೆಪಿಎಸ್‌ಸಿ, ಗೇಟ್, ಬ್ಯಾಂಕ್ ಪರೀಕ್ಷೆ. ಎಲ್ಲೆಡೆ ನಮಗೊಂದು ನಂಬರ್ ಕೊಡುತ್ತಾರೆ. ಎಸ್ಸೆಸ್ಸೆಲ್ಸಿಯಿಂದ ಬಿಇವರೆಗೆ ಎಲ್ಲದರಲ್ಲೂ ಶೇ 60 ಇಲ್ಲದಿದ್ದರೆ ಎಷ್ಟೋ ಕಂಪನಿಗಳು ಬಾಗಿಲನ್ನೇ ತೆರೆಯುವುದಿಲ್ಲ. ಕಾಲೇಜುಗಳ ಗೇಟಿನ ಫ್ಲೆಕ್ಸ್‌ನಲ್ಲಿ ಅತಿ ದೊಡ್ಡ ಪ್ಯಾಕೇಜ್ ಪಡೆದ ಒಬ್ಬರ ಫೋಟೊ ಇರುತ್ತದೆ. ಕೆಲಸ ಸಿಗದವರು ಎಷ್ಟು ಮಂದಿ, ಅವರಿಗೆ ಏನು ಕಲಿಸಬೇಕಿತ್ತು ಎಂಬ ಲೆಕ್ಕ ಇರುವುದಿಲ್ಲ. ಇದು ಫೀನಿಕ್ಸ್‌ನ ದಾರಿ. ತಾರೆಯನ್ನು ತೋರಿಸಿ ತೂತನ್ನು ಮರೆಸುವುದು.

ಯೋಕಿಚ್ 2014ರ ಡ್ರಾಫ್ಟ್‌ನಲ್ಲಿ 41ನೆಯವರು. ಆದರೆ ಈ ಉದಾಹರಣೆ ಹಿಡಿದು ‘ನಂಬರ್‌ಗೆ ಬೆಲೆಯೇ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 41ನೆಯವರೆಲ್ಲ ಯೋಕಿಚ್ ಆಗುವುದಿಲ್ಲ, ಆಯ್ಕೆಯಾಗದವರೆಲ್ಲ ಕರೂಸೊ ಆಗುವುದಿಲ್ಲ. ಕರೂಸೊ ಮರಳಿ ಬಂದದ್ದು ಕಾದು ಕುಳಿತದ್ದರಿಂದಲ್ಲ. ಎಲ್ಲರೂ ಅಂಕ ಗಳಿಸಲು ಹಾತೊರೆಯುವ ಲೀಗ್‌ನಲ್ಲಿ, ಬೇರೆಯವರು ಮನಸ್ಸಿಟ್ಟು ಮಾಡದ ಡಿಫೆನ್ಸ್ ಕೆಲಸವನ್ನು ಅವರು ಎಲ್ಲರಿಗಿಂತ ಚೆನ್ನಾಗಿ ಕಲಿತರು. ಅಂಥವರ ಅಗತ್ಯ ಪ್ರತಿ ತಂಡಕ್ಕೂ ಒಂದು ದಿನ ಬಂದೇ ಬರುತ್ತದೆ.

ನಮ್ಮ ಪ್ರಾಜೆಕ್ಟ್ ಬ್ಯಾಚ್‌ಗಳಲ್ಲೂ ನೋಡಿ. ಕೋಡ್ ಬರೆಯಲು ನಾಲ್ವರೂ ಮುಂದೆ. ಟೆಸ್ಟ್ ಮಾಡಲು, ರಿಪೋರ್ಟ್ ಬರೆಯಲು, ಗೈಡ್ ಮುಂದೆ ಅಚ್ಚುಕಟ್ಟಾಗಿ ವಿವರಿಸಲು ಯಾರೂ ಇಲ್ಲ. ಆ ಜಾಗ ತುಂಬುವವರನ್ನು ನಾವು ‘ಕೋಡಿಂಗ್ ಬರದವರು’ ಎಂದು ಹೀಗಳೆಯುತ್ತೇವೆ. ವೈವಾ ದಿನ ತಂಡವನ್ನು ಉಳಿಸುವವರು ಅವರೇ.

ಆದ್ದರಿಂದ ಕಾಲೇಜುಗಳು ಫ್ಲೆಕ್ಸ್‌ನ ಪಕ್ಕದಲ್ಲಿ ಇನ್ನೊಂದು ಪಟ್ಟಿ ಹಾಕಲಿ: ಈ ವರ್ಷದ ಸಂದರ್ಶನಗಳಲ್ಲಿ ನಮ್ಮ ವಿದ್ಯಾರ್ಥಿಗಳು ಎಲ್ಲಿ ಎಡವಿದರು, ಮುಂದಿನ ಬ್ಯಾಚ್‌ಗೆ ಅದಕ್ಕಾಗಿ ಏನು ಕಲಿಸುತ್ತೇವೆ ಎಂದು. ನಾವು ವಿದ್ಯಾರ್ಥಿಗಳು ಎರಡು ಪ್ರಶ್ನೆ ಕೇಳಿಕೊಳ್ಳೋಣ. ಪರೀಕ್ಷಕರು ಹುಡುಕಿಯೇ ಹುಡುಕುವ ನನ್ನ ತೂತು ಯಾವುದು? ನಾನು ಸೇರಲಿರುವ ತಂಡದ ಯಾವ ತೂತನ್ನು ಮುಚ್ಚಬಲ್ಲೆ? ಥಂಡರ್‌ಗೆ ಮೊದಲ ಪ್ರಶ್ನೆಯ ಉತ್ತರ ಡಲ್ಲಾಸ್ ಎದುರು ಸೋತಾಗ ಸಿಕ್ಕಿತು, ಮರುತಿಂಗಳೇ ಅವರು ಕೆಲಸ ಶುರು ಮಾಡಿದರು. ನಮ್ಮಲ್ಲಿ ಅನೇಕರಿಗೆ ಕಳೆದ ಸೆಮಿಸ್ಟರ್‌ನ ಫಲಿತಾಂಶದಲ್ಲೇ ಉತ್ತರ ಬಂದಾಗಿದೆ. ಇನ್ನು ಕೆಲಸ ಶುರು ಮಾಡುವುದಷ್ಟೇ ಬಾಕಿ.